ಎರಡು ದಿನಕ್ಕೆಂದು ತಂದ ಗಂಟೆ

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು ಅದು. ಗಂಡನ ಬಟ್ಟೆಬರೆ ಕಟ್ಟಿಕೊಂಡು ಹೋಗಲು ಭಾರ್ಗವಿ ಇಟ್ಟಿಗೆ ಭಟ್ಟಿಯ ಕ್ವಾರ್ಟರ್ಸಿಗೆ ಬಂದಿದ್ದಳು. ಹಾಲು ಕಾಯಿಸಿದಳು, ಕುಡಿಯಲು ಮರೆತಳು. ಜಗಲಿಗೆ ಬಂದವಳು ನನ್ನನ್ನು ಕಂಡು ನಿಂತಳು. ಅವನು ಹೋದಂದಿನಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ.

'ಪಾಪ, ಮಕ್ಕಳು ಕಾಯ್ತಿರ್ತಾವೆ' ಎಂದು ತನ್ನಷ್ಟಕ್ಕೇ ಅಂದುಕೊಂಡು, ಕಿಟಕಿಯ ಮೇಲಿದ್ದ ಬೋಲ್ಟು ತೆಗೆದು ನನ್ನನ್ನು ಹೊಡೆದಳು.

ನಾನು ಒಂದು ಗಂಟೆ. ನೋಡಿದರೆ ಹಾಗೆನ್ನಿಸುವುದಿಲ್ಲ. ನಾನು ರೈಲು ಹಳಿಯ ಒಂದು ತುಂಡು, ತಲೆಯಲ್ಲಿ ಒಂದು ತೂತು. ಕೋಲಾರದ ಕಡೆ ಸಣ್ಣ ರೈಲು ಓಡುತ್ತಿದ್ದ ಕಾಲದಲ್ಲಿ ನಾನು ಜಲ್ಲಿಯ ಮೇಲೆ ಮಲಗಿದ್ದೆ. ನನ್ನ ಮೈಮೇಲೆ ಸಂತೆಗೆ ಹೋಗುವವರು, ಮದುವೆಗೆ ಹೋಗುವವರು, ಟಿಕೆಟ್ಟಿಲ್ಲದವರು ಎಲ್ಲರೂ ಹೋಗುತ್ತಿದ್ದರು. ಆಮೇಲೆ ದೊಡ್ಡ ರೈಲು ಬಂತು. ನಮ್ಮನ್ನು ಕಿತ್ತು, ತುಂಡು ಮಾಡಿ ಗುಜರಿಗೆ ಹಾಕಿದರು. ಅಲ್ಲಿ ಬಹಳ ಕಾಲ ತುಕ್ಕು ತಿನ್ನುತ್ತ ಬಿದ್ದಿದ್ದೆ.

ಅಲ್ಲಿಗೆ ಖಮರುನ್ನೀಸಾ ಟೀಚರ್ ಬಂದರು. ಭಟ್ಟಿಯಲ್ಲಿ ದುಡಿಯಲು ಯಾದಗಿರಿ ಕಡೆಯಿಂದ ಬಂದವರ ಮಕ್ಕಳಿಗೆ ಕೆರೆಯ ಪಕ್ಕ ಟೆಂಟ್ ಶಾಲೆ ಆಗಿತ್ತು. ಆ ಶಾಲೆಗೆ ಅವರೊಬ್ಬರೇ ಟೀಚರು. ಗುಜರಿಯವನನ್ನು ಕೇಳಿದರು, 'ಏನಣ್ಣ, ಬೆಲ್ಲಾಗೋ ಅಂಥದ್ದು ಏನಾದ್ರೂ ಇದ್ಯಾ?'

'ಇಸ್ಕೂಲಿಗಾ ಮೇಡಂ? ಇದನ್ನ ತಗೊಂಡೋಗಿ. ಇದರ ಗಂಟಲು ನಮ್ಮತ್ತೆಗಿಂತ ಜೋರು' ಎಂದು ಅವನು ನನ್ನನ್ನು ಎತ್ತಿ ಆಟೋದಲ್ಲಿಟ್ಟ. ದುಡ್ಡು ಕೇಳಲಿಲ್ಲ.

ಟೀಚರ್ ನನ್ನನ್ನು ಹೊಂಗೆಮರದ ಕೊಂಬೆಗೆ ಕಟ್ಟಿದರು. ಮೊದಲ ಏಟಿಗೇ ಶೆಡ್ಡುಗಳಿಂದ ಮಕ್ಕಳು ಓಡಿಬಂದರು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಪಾಟಿ. ಸಾಬಮ್ಮ ಎಂಬ ಹುಡುಗಿ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ತನ್ನ ಹೆಸರು ಬರೆಯಲು ಕಲಿತ ದಿನ ಅವಳು ಅದನ್ನು ಸೀಮೆಸುಣ್ಣದಲ್ಲಿ ನನ್ನ ಮೇಲೂ ಬರೆದಳು. ಮುಂದಿನ ಮಳೆಗೆ ಅದು ತೊಳೆದುಹೋಯಿತು. ಮೈಮೇಲೆ ಅಷ್ಟೊಂದು ರೈಲು ಹೋಗಿದ್ದರೂ ಯಾರಾದರೂ ನನಗಾಗಿ ಓಡಿಬಂದದ್ದು ಅದೇ ಮೊದಲು.

ಒಂದು ದಿನ ಭಟ್ಟಿಯ ಮೇನೇಜರ್, ಭಾರ್ಗವಿಯ ಗಂಡ ತ್ಯಾಗರಾಜು ಬಂದ. ಓದಿದವನು, ಮೆತ್ತಗೆ ಮಾತಾಡುವವನು, ಜೇಬಿನಲ್ಲಿ ಮಕ್ಕಳಿಗೆಂದು ಬಿಸ್ಕತ್ತು ಇಟ್ಟುಕೊಂಡೇ ತಿರುಗುವವನು.

'ನಮ್ಮ ಸೈರನ್ ರಿಪೇರಿಗೆ ಹೋಗಿದೆ ಮೇಡಂ. ನಿಮ್ಮ ಬೆಲ್ ಎರಡು ದಿನದ ಮಟ್ಟಿಗೆ ಕೊಡಿ. ಕೂಲಿಯವರನ್ನ ಕರೆಯೋಕೆ ಏನೂ ಇಲ್ಲ.'

'ತಗೊಂಡೋಗಿ ಸಾರ್. ಎರಡು ದಿನ ನಾನೇ ಕೂಗ್ತೀನಿ' ಎಂದರು ಟೀಚರ್.

ಅವನು ನನ್ನನ್ನು ಜಗಲಿಯ ತೊಲೆಗೆ ನೇತುಹಾಕಿ ಹೊಡೆದ. ದೊಡ್ಡವರು ಬರಲಿಲ್ಲ. ಅವರಿಗೆ ನನ್ನ ಗುರುತಿರಲಿಲ್ಲ. ಬಂದವರು ಮಕ್ಕಳು. ಶಾಲೆ ಇಲ್ಲಿಗೆ ಬಂದಿದೆಯೆಂದು ತಿಳಿದು ತಟ್ಟೆ, ಪಾಟಿ ಹಿಡಿದು ಬಂದು ಸಾಲಾಗಿ ಕುಳಿತರು. ತ್ಯಾಗರಾಜು ನಕ್ಕ. ಆಮೇಲೆ ನಗು ನಿಲ್ಲಿಸಿ ಅಂಗಳದ ಕಡೆ ನೋಡಿದ.

ಅಂಗಳದ ತುಂಬ ಹಸಿ ಇಟ್ಟಿಗೆ ಹಾಸಿತ್ತು. ಒಂದು ಮಗ್ಗುಲು ಒಣಗಿದ ಮೇಲೆ ಅವನ್ನು ಇನ್ನೊಂದು ಮಗ್ಗುಲಿಗೆ ಮಗುಚಬೇಕು. ದೊಡ್ಡವರ ಕಾಲು ಬಿದ್ದರೆ ಹಸಿ ಇಟ್ಟಿಗೆಯ ಅಂಚು ಒಡೆಯುತ್ತದೆ. ಮಕ್ಕಳ ಕಾಲು ಹಗುರ.

'ಹೇಗೂ ಬಂದಿದ್ದೀರಲ್ಲ, ಒಂದು ಸಾಲು ಮಗುಚಿ ಹೋಗಿ. ಬಿಸ್ಕತ್ ಕೊಡ್ತೀನಿ' ಎಂದ.

ಸೈರನ್ ರಿಪೇರಿಯಾಗಿ ಬಂತು. ಅದು ದೊಡ್ಡವರನ್ನು ಕರೆಯಿತು. ನಾನು ಮಾತ್ರ ಜಗಲಿಯಲ್ಲೇ ಉಳಿದೆ. ಟೀಚರ್ ಕೇಳಲು ಬಂದಾಗಲೆಲ್ಲ 'ನಾಳೆ ಕಳಿಸ್ತೀನಿ ಮೇಡಂ' ಎನ್ನುತ್ತಿದ್ದ. ದಿನ ಕಳೆದಂತೆ ಮಕ್ಕಳು ಪಾಟಿ ತರುವುದನ್ನು ಬಿಟ್ಟರು. ತಟ್ಟೆಯನ್ನೂ ಬಿಟ್ಟರು. ಬಿಸ್ಕತ್ತು ನಿಂತಿತು. ಅವರ ಹೆತ್ತವರಿಗೆ ಮೇನೇಜರನ ಎದುರು ಬಾಯಿ ಬಿಡುವ ಧೈರ್ಯವಿರಲಿಲ್ಲ. ಕೆರೆಯ ಕಡೆಯಿಂದ ಟೀಚರ್ ಸ್ಟೀಲ್ ತಟ್ಟೆ ಬಡಿಯುವುದು ಕೇಳುತ್ತಿತ್ತು. ಅದು ಮಕ್ಕಳ ಕಿವಿಗೆ ತಲುಪುವ ಮೊದಲೇ ಅವನು ನನ್ನನ್ನು ಹೊಡೆಯುತ್ತಿದ್ದ. ನನ್ನ ದನಿ ನನ್ನದೇ, ಕರೆಯುತ್ತಿದ್ದವನು ಮಾತ್ರ ಬೇರೆ. ಮಕ್ಕಳಿಗೆ ಆ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ಭಾರ್ಗವಿ ಇದಾವುದನ್ನೂ ಕಂಡಿರಲಿಲ್ಲ. ಅವಳು ಎಂ.ಎ. ಮಾಡಿ ಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಇಲ್ಲಿಗೆ ಬರುತ್ತಿದ್ದುದು ಭಟ್ಟಿಗೆ ರಜೆಯಿರುವ ಭಾನುವಾರ ಮಾತ್ರ. 'ಸ್ಕೂಲ್ ಬೆಲ್ ಇದು. ದಿನಾ ನಾನೇ ಹೊಡಿತೀನಿ. ಮಕ್ಕಳು ಹೆಂಗೆ ಓಡಿ ಬರ್ತಾವೆ ಗೊತ್ತಾ?' ಎನ್ನುತ್ತಿದ್ದ ಅವನು. ಆಗ ಅವಳ ಮುಖ ಅರಳುತ್ತಿದ್ದುದನ್ನು ನಾನು ತೊಲೆಯಿಂದ ನೋಡುತ್ತಿದ್ದೆ. ಮುಂದಿನ ಸಲ ಬರುವಾಗ ಅವಳು ಹೊಸ ಪಾಟಿಗಳ ಕಟ್ಟು ತರುತ್ತಿದ್ದಳು.

ಈ ಬೆಳಗ್ಗೆ ನನ್ನನ್ನು ಹೊಡೆದು ಅವಳು ಕಾದಳು. ಮಕ್ಕಳು ಬಂದರು. ಅವರ ಕೈ ಬರಿದಾಗಿತ್ತು, ಬೆರಳ ಸಂದಿಯಲ್ಲಿ ಒಣಗಿದ ಮಣ್ಣಿತ್ತು. ಅವಳ ಕಡೆ ನೋಡದೆ ನೇರ ಅಂಗಳಕ್ಕಿಳಿದು, ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಬಗ್ಗಿದರು.

'ಪಾಟಿ ಎಲ್ಲಿ ನಿಮ್ಮದು?' ಎಂದಳು ಭಾರ್ಗವಿ.

ಸಾಬಮ್ಮ ತಲೆಯೆತ್ತಿದಳು. 'ಪಾಟಿ ಯಾಕ್ರೀ ಅಕ್ಕಾರ? ಇದು ಇಟ್ಟಂಗಿ ಗಂಟಿ ಐತ್ರಿ. ಸಾಹೇಬ್ರು ಇದನ್ನ ಬಾರಸಿದ್ರ ನಾವು ಮಗುಚಬೇಕ್ರಿ.'

ಅಷ್ಟರಲ್ಲಿ ಮೇಸ್ತ್ರಿ ಚೌಡಪ್ಪ ಬಂದ. 'ನೀವೇ ಹೊಡೆದ್ರಾ ಅಮ್ಮಾ? ಒಳ್ಳೇದಾಯ್ತು ಬಿಡಿ. ಸಾರ್ ಹೋದಾಗಿನಿಂದ, ಸೂತಕದ ಮನೆ ಗಂಟೆ ಮುಟ್ಟೋದು ಬೇಡ ಅಂತ, ಇವನ್ನ ಕೂಗೀ ಕೂಗೀ ನನ್ನ ಗಂಟಲೇ ಬಿದ್ದೋಗಿತ್ತು. ಇಲ್ಲಿರೋವರೆಗೂ ದಿನಾ ಇಷ್ಟು ಸಹಾಯ ಮಾಡಿದ್ರೆ ಸಾಕು.'

ಅವಳು ಒಳಗೆ ಹೋದಳು. ಮಂಚದ ಕೆಳಗಿನ ಸಾಮಾನು ಎಳೆಯುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಪಾಟಿಗಳ ಕಟ್ಟುಗಳಿದ್ದವು. ಒಂದರ ದಾರವೂ ಬಿಚ್ಚಿರಲಿಲ್ಲ. ಸ್ಟೂಲ್ ಹಾಕಿ ಹತ್ತಿ ನನ್ನ ತಂತಿ ಬಿಚ್ಚತೊಡಗಿದಳು.

'ಅದು ನಮಗೆ ಬೇಕಲ್ಲಮ್ಮ' ಎಂದ ಚೌಡಪ್ಪ.

'ಇದು ನಮ್ಮದಲ್ಲ ಚೌಡಪ್ಪ. ಎರವಲು ತಂದಿದ್ದು.'

'ಓನರ್ ಕೇಳಿದ್ರೆ ನಾನೇನು ಹೇಳ್ಲಿ?'

'ಸತ್ತವನ ಎರವಲು ಹೆಂಡತಿ ತೀರಿಸಿದಳು ಅನ್ನಿ.'

ನಾನು ಭಾರ. ಅವಳು ಬೋಲ್ಟನ್ನು ಸೆರಗಿಗೆ ಕಟ್ಟಿಕೊಂಡು, ನನ್ನನ್ನು ಕೂಸಿನ ಹಾಗೆ ಸೊಂಟಕ್ಕೇರಿಸಿ, ಇನ್ನೊಂದು ಕೈಯಲ್ಲಿ ಪಾಟಿಗಳನ್ನು ಹಿಡಿದು, ಕೆರೆಯ ಕಡೆ ನಡೆದಳು. ದೂರದಿಂದ ಸಾಬಮ್ಮ ಹಿಂಬಾಲಿಸಿದಳು.

ಟೆಂಟಿನಲ್ಲಿ ಟೀಚರ್ ಎದುರು ಕುಳಿತಿದ್ದವು ತೀರ ಸಣ್ಣ ಮಕ್ಕಳು ಮಾತ್ರ, ಇಟ್ಟಿಗೆ ಎತ್ತಲು ಇನ್ನೂ ಬಾರದಂಥವು.

'ಎರಡು ದಿನಕ್ಕೆ ಅಂತ ಕೇಳಿದ್ರು' ಎಂದರು ಟೀಚರ್.

'ನನಗೆ ಬೇರೆ ಥರ ಹೇಳಿದ್ದರು' ಎಂದಳು ಭಾರ್ಗವಿ.

ಇಬ್ಬರೂ ಸೇರಿ ನನ್ನನ್ನು ಹೊಂಗೆಯ ಹಳೆಯ ಕೊಂಬೆಗೇ ಕಟ್ಟಿದರು. ಟೀಚರ್ ಬೋಲ್ಟು ಎತ್ತಿದ್ದೇ ತಡ, ಸಾಬಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

'ಟೀಚರ್, ಈಗ ಇದನ್ನ ಬಾರಸಿದ್ರ ಯಾವ ಕಡಿ ಓಡಬೇಕ್ರಿ?'

ಟೀಚರ್ ಕೈ ಇಳಿಸಿದರು. ಬೋಲ್ಟನ್ನು ಮರದ ಬುಡದಲ್ಲಿಟ್ಟರು. 'ಇವತ್ತು ಬೆಲ್ ಬೇಡ. ನಾವೇ ಹೋಗಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದುಕೊಂಡು ಬರೋಣ' ಎಂದರು. ಭಾರ್ಗವಿ ಒಂದು ಕಟ್ಟಿನ ದಾರ ಹಲ್ಲಿನಿಂದ ಕಡಿದು ಸಾಬಮ್ಮನ ಕೈಗೆ ಒಂದು ಪಾಟಿ ಕೊಟ್ಟಳು, ಟೀಚರ್ ಜೊತೆ ಹೊರಟಳು.

ನಾನು ಕೊಂಬೆಯಲ್ಲಿ ತೂಗುತ್ತಿದ್ದೇನೆ. ಮತ್ತೆ ತುಕ್ಕು ಹಿಡಿಯಬಹುದು, ಹಿಡಿಯಲಿ. ಅಂಗಳದಲ್ಲಿ ಚೌಡಪ್ಪನ ದನಿ ಏರುತ್ತಿದೆ. ಅದರ ಮೇಲೆ ಇಬ್ಬರು ಹೆಂಗಸರು ಒಂದೊಂದೇ ಹೆಸರು ಕೂಗುವುದು ಕೇಳುತ್ತಿದೆ. ನನ್ನ ಕೆಳಗೆ ಸಾಬಮ್ಮ ಪಾಟಿಯ ಮೇಲೆ ತನ್ನ ಹೆಸರಿನ ಮೊದಲ ಅಕ್ಷರ ಬರೆದು, ಎರಡನೆಯದನ್ನು ನೆನಪಿಸಿಕೊಳ್ಳುತ್ತಿದ್ದಾಳೆ.