ಕುಡಿದ ನೀರಿನ ಲೆಕ್ಕ

ಉಚ್ಚಂಗಮ್ಮ ಬಿದ್ದಾಗ ನನಗೆ ಮೊದಲು ಬಂದದ್ದು ಸಿಟ್ಟು. ಸುಳ್ಳು ಯಾಕೆ ಹೇಳಲಿ? ಹಾಜರಿ ಫೋಟೋ ತೆಗೆಯಲು ಇನ್ನು ಹತ್ತೇ ನಿಮಿಷವಿತ್ತು, ಈಗ ಇವಳದೊಂದು ರಗಳೆ ಅಂದುಕೊಂಡೆ. ಹತ್ತಿರ ಹೋಗಿ ಹಣೆ ಮುಟ್ಟಿದೆ. ಕಾದ ಹೆಂಚಿನಂತೆ ಸುಡುತ್ತಿತ್ತು, ಮೈಮೇಲೆ ಒಂದು ಹನಿ ಬೆವರಿರಲಿಲ್ಲ. ಫೋಟೋ ಮರೆತು, ಆಟೋ ತರಿಸಿ ಅಂತ ಕೂಗಿಕೊಂಡೆ.

ಬಿ.ದುರ್ಗದ ಕೆರೆಯಲ್ಲಿ ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸಕ್ಕೆ ನಾನೇ ಮೇಟ್, ಫೋನಿನಲ್ಲಿ ಫೋಟೋ ತೆಗೆದು ಕೂಲಿಯವರ ಹಾಜರಿ ಹಾಕುವವಳು. ಈ ಲತಾಳ ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತು. ಜೋರಿಲ್ಲದಿದ್ದರೆ ನಲವತ್ತು ಜನರಿಂದ ಕೆಲಸ ತೆಗೆಸಲು ಆಗುತ್ತದೆಯೇ?

ಏಪ್ರಿಲ್ ಮೊದಲ ವಾರ ಚಿತ್ರದುರ್ಗದ ಒಂದು ಕಾಲೇಜಿನಿಂದ ಸುಪ್ರಿಯಾ ಅನ್ನುವ ಹುಡುಗಿ ಬಂದಿದ್ದಳು. ಬಿಸಿಲಿನ ಹೊಡೆತ ಗಂಡಸರಿಗೆ ಹೆಚ್ಚೋ ಹೆಂಗಸರಿಗೆ ಹೆಚ್ಚೋ ಅಂತ ಅಳೆಯುತ್ತಾಳಂತೆ. ಎಲ್ಲರಿಗೂ ಎರಡು ಲೀಟರಿನ ಒಂದೊಂದು ಬಾಟ್ಲಿ ಹಂಚಿ, ದಿನಾ ಎಷ್ಟು ನೀರು ಉಳಿಯಿತು ಅಂತ ಬರೆಯುವ ಕೆಲಸವನ್ನು ನನ್ನ ಕುತ್ತಿಗೆಗೆ ಕಟ್ಟಿ ಹೋದಳು. ಮೊದಲೆರಡು ದಿನ ಗಂಡಸರ ಬಾಟ್ಲಿ ಹತ್ತೂವರೆಗೇ ಖಾಲಿ, ಹೆಂಗಸರದ್ದು ತುಂಬಿದ್ದು ತುಂಬಿದಂತೆಯೇ ವಾಪಸ್ಸು. ನಮ್ಮ ಹೆಂಗಸರು ಗಟ್ಟಿ ಕಣಮ್ಮ, ಅವರಿಗೆ ಬಾಯಾರಿಕೆಯೇ ಆಗಲ್ಲ ಅಂತ ಫೋನಿನಲ್ಲಿ ಜಂಬ ಕೊಚ್ಚಿದೆ. ಅವಳು ಗಾಬರಿಯಾಗಿ, ಹೇಗಾದರೂ ಕುಡಿಸಿ ಅಕ್ಕಾ ಅಂದಳು. ಮರುದಿನ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದೆ. ಬಾಟ್ಲಿ ಖಾಲಿ ಮಾಡದವರು ಕೆಲಸಕ್ಕೆ ಬರಲೇಬೇಡಿ ಅಂದೆ. ಅಂದಿನಿಂದ ಎಲ್ಲರ ಬಾಟ್ಲಿಯೂ ಖಾಲಿ. ಪುಸ್ತಕದಲ್ಲಿ ಗಂಡಸರೂ ಹೆಂಗಸರೂ ಸಮಸಮ. ನನಗೆ ಹೆಮ್ಮೆಯೇ ಆಗಿತ್ತು.

ಉಚ್ಚಂಗಮ್ಮನ ಪಕ್ಕದಲ್ಲೂ ಖಾಲಿ ಬಾಟ್ಲಿ ಬಿದ್ದಿತ್ತು. ಅವಳನ್ನು ಲಗೇಜ್ ಆಟೋದಲ್ಲಿ ಮಲಗಿಸಿ ಹೊಳಲ್ಕೆರೆಗೆ ಹೊರಟೆವು. ಗಂಡ ಓಬಯ್ಯ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಬಿಡೇ ಕಣ್ಣು ಬಿಡೇ ಅಂತ ಬೇಡಿಕೊಳ್ಳುತ್ತಲೇ ಇದ್ದ. ಅವಳ ಜೊತೆ ಮಣ್ಣು ಹೊರುವ ಚಿತ್ತಮ್ಮ ಒದ್ದೆ ಟವೆಲಿನಿಂದ ಕೈಕಾಲು ಒರೆಸುತ್ತಿದ್ದಳು. ದಾರಿಯುದ್ದಕ್ಕೂ ಚಿತ್ತಮ್ಮ ನನ್ನ ಮುಖ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು, ನೀರೆಷ್ಟು ಕುಡಿದಿದ್ದಾರೆ ಅಂತ ಕೇಳಿದರು. ನಾನು ಪುಸ್ತಕ ಬಿಚ್ಚಿ ಅವರ ಮುಂದೆ ಹಿಡಿದೆ. ಐದು ದಿನದಿಂದ ದಿನಾ ಎರಡು ಲೀಟರ್, ಇವತ್ತಿನದೂ ಆಗಲೇ ಖಾಲಿ. ಅವರ ಹುಬ್ಬು ಗಂಟಾಯಿತು. ಅಷ್ಟು ಕುಡಿದವರಿಗೆ ಬಾಯಿ ಹೀಗೆ ಒಣಗುವುದಿಲ್ಲವಲ್ಲ ಅಂದರು. ತಲೆಗೆ ಪೆಟ್ಟು ಬಿತ್ತೇ, ಮನೆಯಲ್ಲಿ ಜಗಳವಾಗಿತ್ತೇ, ಹೊಲಕ್ಕೆ ಹೊಡೆಯುವ ಔಷಧಿ ಏನಾದರೂ ಕುಡಿದಳೇ ಅಂತ ಓಬಯ್ಯನನ್ನು ಕೇಳತೊಡಗಿದರು. ಚಿತ್ರದುರ್ಗಕ್ಕೇ ಒಯ್ಯಬೇಕಾಗಬಹುದು ಅಂದರು. ಅಲ್ಲಿಗೆ ಇನ್ನೂ ಮುಕ್ಕಾಲು ಗಂಟೆಯ ದಾರಿ. ಉಚ್ಚಂಗಮ್ಮನ ಉಸಿರು ಆಗಲೇ ಮೇಲುಸಿರಾಗಿತ್ತು.

“ಆ ಪುಸ್ತಕ ಸುಳ್ಳು ಸಾರ್,” ಅಂದಳು ಚಿತ್ತಮ್ಮ. “ಒಂದು ಗುಟುಕೂ ಕುಡ್ದಿಲ್ಲ. ದಿನಾ ಮಣ್ಣಿಗೆ ಚೆಲ್ತಾಳೆ. ನಾವೆಲ್ಲಾ ಅದನ್ನೇ ಮಾಡ್ತೀವಿ.”

ಡಾಕ್ಟರು ತಕ್ಷಣ ಡ್ರಿಪ್ ಹಾಕಿಸಿದರು, ಕಂಕುಳಿಗೆ ಐಸ್ ಇಡಿಸಿದರು. ನಾನು ಚಿತ್ತಮ್ಮನ ರಟ್ಟೆ ಹಿಡಿದು ಹೊರಗೆಳೆದೆ. ಹುಚ್ಚೇನೇ ನಿಮಗೆ, ಯಾಕೆ ಚೆಲ್ಲಿದಿರಿ ಅಂತ ಕೇಳಿದೆ.

“ಕುಡುದ್ರೆ ಒಂದಕ್ಕೆ ಹೋಗಬೇಕಲ್ಲ. ಎಲ್ಲಿಗೆ ಹೋಗಾಣ? ಮರೆಗೆ ಅಂತ ಇದ್ದ ಏರಿ ಮ್ಯಾಲಿನ ಜಾಲಿನೆಲ್ಲಾ ನೀನೇ ಕಡಿಸ್ದೆ. ಉಚ್ಚಂಗಕ್ಕ ಆಚೆ ದಡಕ್ಕೆ ಹೋಗಿ ಬರೋ ಅಷ್ಟ್ರಾಗೆ ಫೋಟೋ ತೆಗ್ದು, ಅವತ್ತಿನ ಹಾಜರಿ ಕಳ್ದಿದ್ದೂ ನೀನೇ. ಗಂಡಸ್ರಾದ್ರೆ ಅಲ್ಲೇ ತಿರುಗಿ ನಿಂತ್ಕಂತಾರೆ.”

ನಾಚಿಕೆಯಿಂದ ಅಲ್ಲೇ ಬೆಂಚಿನ ಮೇಲೆ ಕುಳಿತೆ. ಗೊತ್ತಿರಲಿಲ್ಲ ಅನ್ನಲೇ? ಗೊತ್ತಿತ್ತು. ನಾನೂ ಬೆಳಿಗ್ಗೆಯಿಂದ ಒಂದು ಹನಿ ಕುಡಿದಿರಲಿಲ್ಲ. ಮರೆಯಿಲ್ಲವೆಂದು ಬಾಯಾರಿಕೆ ತಡೆಯುವುದೂ ಅಳೆಯುವಂಥ ಸಂಗತಿ ಅಂತ ನನಗೆ ಹೊಳೆದಿರಲಿಲ್ಲ, ಅಷ್ಟೇ. ಸುಪ್ರಿಯಾಗೆ ಫೋನ್ ಮಾಡಿ, ನಾನು ಬರೆದದ್ದನ್ನು ನಂಬಬೇಡ, ನೀನೇ ಬಂದು ಇವರನ್ನು ಕೇಳು ಅಂದೆ.

ಎರಡು ಬಾಟಲಿ ಡ್ರಿಪ್ ಇಳಿಯಿತು. ಓಬಯ್ಯ ಮಂಚದ ಕಾಲು ಹಿಡಿದು ನೆಲದಲ್ಲೇ ಕುಳಿತಿದ್ದ. ನಾಲ್ಕು ಗಂಟೆಯ ಹೊತ್ತಿಗೆ ಉಚ್ಚಂಗಮ್ಮ ಕಣ್ಣು ಬಿಟ್ಟಳು, ಗಂಡನನ್ನು ಗುರುತು ಹಿಡಿದಳು. ಇನ್ನು ಭಯವಿಲ್ಲ, ಸ್ವಲ್ಪ ಸ್ವಲ್ಪ ನೀರು ಕುಡಿಸಿ ಅಂತ ಡಾಕ್ಟರು ಹೇಳಿ ಹೋದರು. ನಾನು ಲೋಟ ತುಂಬಿಸಿ ಅವಳ ತುಟಿಗೆ ಹಿಡಿದೆ. ನಾಲಿಗೆ ಒಣಗಿ ಕರಕಲಾಗಿದ್ದರೂ ಅವಳು ಬಾಯಿ ತೆರೆಯಲಿಲ್ಲ. ಓಬಯ್ಯನ ಕಡೆ ಒಮ್ಮೆ ನೋಡಿ, ನನ್ನನ್ನು ಸನ್ನೆ ಮಾಡಿ ಹತ್ತಿರ ಕರೆದಳು.

“ಇಲ್ಲಿ ಕಕ್ಕಸು ಐತೇನೆ ಲತಾ?”

ಪಕ್ಕದಲ್ಲೇ ಐತೆ ಕಣಕ್ಕ, ಬಾಗಿಲೂ ಐತೆ, ಚಿಲಕಾನೂ ಐತೆ ಅಂದೆ. ಡ್ರಿಪ್ ಇಲ್ಲದ ಕೈಯಲ್ಲಿ ಅವಳು ನನ್ನ ಕೈಯಿಂದ ಲೋಟ ಕಿತ್ತುಕೊಂಡು ಗಟಗಟ ಕುಡಿದಳು.