ಎಪ್ಪತ್ತೆರಡು ಕಿಲೋ

ಮನುಷ್ಯನಿಗೆ ಯಾವುದರ ಮೇಲಾದರೂ ಒಂದಿಷ್ಟು ಜಂಬ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಹಾಸಿಗೆಯಿಂದ ಏಳುವುದಕ್ಕೇ ಬೇಸರ. ಕಂಬಣ್ಣನ ಜಂಬ ಎಪ್ಪತ್ತೆರಡು ಕಿಲೋ ತೂಗುತ್ತಿತ್ತು. ಮೂವತ್ತೆರಡು ವರ್ಷಗಳಿಂದ ಅಷ್ಟೇ ತೂಗುತ್ತಿತ್ತು. ತಿಂಗಳಿಗೊಮ್ಮೆ ಔಷಧಿ ಅಂಗಡಿಯ ಮುಂದಿನ ತೂಕದ ಯಂತ್ರ ಹತ್ತಿ, ಅದು ಉಗುಳಿದ ಚೀಟಿಯನ್ನು ಜೇಬಿಗಿಳಿಸಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತಿದ್ದ. "ಅರವತ್ತೊಂದು ವಯಸ್ಸು ಅಂತ ಯಾರಾದ್ರೂ ಹೇಳ್ತಾರಾ?" ಎಲ್ಲರೂ ಹೇಳುತ್ತಿದ್ದರು, ಅವನು ಅತ್ತ ಹೋದ ಮೇಲೆ.

ಅವನ ಕೆಲಸ ನಿಲ್ಲುವುದು. ಚಿತ್ರಕಲಾ ಶಾಲೆಯಲ್ಲಿ ಮೊದಲ ವರ್ಷದವರು ಮೈಯ ಮಾಂಸಖಂಡಗಳನ್ನು ಬರೆಯಲು ಕಲಿಯುವ ಕೋಣೆಯಲ್ಲಿ, ಹಲಗೆಯ ಕಟ್ಟೆಯ ಮೇಲೆ, ಬರಿ ಚಡ್ಡಿಯಲ್ಲಿ, ಒಂದು ಸಲಕ್ಕೆ ನಲವತ್ತು ನಿಮಿಷ. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡುವುದಿಲ್ಲವೆಂದು ಹುಡುಗರು ಇಟ್ಟ ಹೆಸರು ಕಂಬಣ್ಣ. ಅಪ್ಪ ಅಮ್ಮ ಇಟ್ಟ ಹೆಸರನ್ನು ಅವನೇ ಮರೆತಂತಿದ್ದ.

ಆ ಕೋಣೆಯ ಮೂಲೆಯಲ್ಲಿ ಇನ್ನೊಬ್ಬ ಕಂಬಣ್ಣ ಇದ್ದ, ಪ್ಲಾಸ್ಟರಿನವನು. ಇವನ ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಇವನ ಮೈಗೇ ಅಚ್ಚು ಹಾಕಿ ತೆಗೆದದ್ದು. ಮುಖಕ್ಕೆ ಬಳಿದರೆ ಉಸಿರುಗಟ್ಟೀತೆಂದು ತಲೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ತದ್ರೂಪು. ಒನಕೆಯಂಥ ತೊಡೆ, ಹಲಗೆಯಂಥ ಹೊಟ್ಟೆ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಹೆಬ್ಬೆರಳಿನ ಮೇಲೆ ಹತ್ತಿ ಕೂತಿದ್ದ ಎಡಗಾಲಿನ ಎರಡನೇ ಬೆರಳು ಕೂಡ ಹಾಗೆಯೇ ಮೂಡಿತ್ತು. ಆ ಬೆರಳನ್ನು ಕಂಬಣ್ಣ ತನ್ನ ಸಹಿ ಎನ್ನುತ್ತಿದ್ದ; ಬಾಗಿಲ ಕತೆ ಹಳೆಯ ಹುಡುಗರಿಗೆಲ್ಲ ಬಾಯಿಪಾಠ.

ಹಳೆಯ ಮೇಷ್ಟರಿಗೆ ಕಣ್ಣು ಮಂಜು. ಹುಡುಗರ ಚಿತ್ರಗಳನ್ನು ಪ್ರತಿಮೆಯ ಪಕ್ಕ ಹಿಡಿದು ಹೋಲಿಸಿ ಅಂಕ ಹಾಕುತ್ತಿದ್ದರು. ಹುಡುಗರೇನು ದಡ್ಡರೇ? ನಿಲುವನ್ನು ಕಂಬಣ್ಣನಿಂದ ತೆಗೆದುಕೊಂಡು, ಮೈಯನ್ನು ಪ್ರತಿಮೆಯಿಂದ ಇಳಿಸಿಕೊಳ್ಳುತ್ತಿದ್ದರು. ವರ್ಷ ವರ್ಷವೂ ಅದೇ ತೊಡೆ, ಅದೇ ಹೊಟ್ಟೆ. ಬಿಡುವಿನಲ್ಲಿ ಕಂಬಣ್ಣ ಟವೆಲು ಹೊದ್ದು, ಕೈ ಹಿಂದೆ ಕಟ್ಟಿ, ಒಂದೊಂದೇ ಚಿತ್ರವನ್ನು ನೋಡುತ್ತ ಹೋಗುತ್ತಿದ್ದ. ಮನೆಯಲ್ಲಿದ್ದದ್ದು ಗಡ್ಡ ಹೆರೆಯುವಷ್ಟು ಕನ್ನಡಿ. ಮೈಯನ್ನು ಅವನು ನೋಡಿಕೊಳ್ಳುತ್ತಿದ್ದದ್ದು ಈ ಚಿತ್ರಗಳಲ್ಲೇ. ಬಗ್ಗಿ ನೋಡಿದಾಗ ಹೊಟ್ಟೆ ಕಾಣುತ್ತಿತ್ತು ನಿಜ, ಆದರೆ ಬಗ್ಗಿದರೆ ಯಾರಿಗೆ ತಾನೇ ಕಾಣುವುದಿಲ್ಲ?

ಹಳೆಯ ಮೇಷ್ಟರು ನಿವೃತ್ತರಾದರು. ಅವರ ಜಾಗಕ್ಕೆ ಕಡ್ಡಿ ಬಂದ.

ಕಡ್ಡಿ ಇದೇ ಶಾಲೆಯಲ್ಲಿ ಇಪ್ಪತ್ತೈದು ವರ್ಷಗಳ ಹಿಂದೆ ಓದಿದವನು. ಎದೆಯ ಎಲುಬು ಎಣಿಸಬಹುದಾಗಿದ್ದ ಹುಡುಗ, ಬಾಯಿ ಸತ್ತವನು. ಒಂದು ದಿನ ಮೇಷ್ಟರಿಲ್ಲದಾಗ ಕಂಬಣ್ಣ ಅವನ ರಟ್ಟೆ ಹಿಡಿದು ಕಟ್ಟೆ ಹತ್ತಿಸಿ, ಅಂಗಿ ಬಿಚ್ಚಿಸಿ, ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ. "ನೋಡ್ರಪ್ಪ, ಇದು ಗಂಡಸು, ಇದು ಗಂಡಸಿನ ಅಂಗಿ ತೂಗುಹಾಕೋ ಹ್ಯಾಂಗರು. ಲೇ ಕಡ್ಡಿ, ಅಲ್ಲಾಡಬೇಡ, ಬರ್ಕೊಳ್ಳಲಿ." ತರಗತಿ ಬಿದ್ದು ಬಿದ್ದು ನಕ್ಕಿತ್ತು. ಹುಡುಗ ಅಲ್ಲಾಡಲಿಲ್ಲ. ಅವನ ಅಳು ಮಾತ್ರ ನಿಲ್ಲಲಿಲ್ಲ. ಕಂಬಣ್ಣನಿಗೆ ಅದು ಆ ಸಂಜೆಗೇ ಮರೆತುಹೋಗಿತ್ತು. ಹೊಡೆದವನು ಮರೆಯುತ್ತಾನೆ, ತಿಂದವನು ಮರೆಯುವುದಿಲ್ಲ.

ಈಗ ಕಡ್ಡಿಗೆ ಕೂದಲು ನೆರೆತಿತ್ತು. ಯಾರನ್ನೂ ಏಕವಚನದಲ್ಲಿ ಮಾತಾಡಿಸುತ್ತಿರಲಿಲ್ಲ. ಬಂದ ವಾರವೇ ಪ್ರತಿಮೆಯನ್ನು, ಅದಕ್ಕೆ ಸುಣ್ಣ ಬಳಿಸಬೇಕೆಂದು ಹೇಳಿ, ಉಗ್ರಾಣಕ್ಕೆ ಸಾಗಿಸಿದ.

ಅಂದು ಹೊಸದಾಗಿ ಸೇರಿದ, ಪ್ರತಿಮೆಯನ್ನು ಕಂಡೇ ಇರದ ಹದಿನೇಳು ಹುಡುಗ ಹುಡುಗಿಯರು, ಬೇರೆ ದಿಕ್ಕಿಲ್ಲದೆ, ಎದುರಿಗೆ ನಿಂತವನನ್ನೇ ನೋಡಿ ಬರೆದರು. ಬಿಡುವಿನಲ್ಲಿ ಕಂಬಣ್ಣ ಎಂದಿನಂತೆ ಸುತ್ತು ಹೊರಟ. ಮೊದಲನೇ ಚಿತ್ರದಲ್ಲಿ ಹೊಟ್ಟೆ ಚಡ್ಡಿಯ ಪಟ್ಟಿಯ ಮೇಲೆ ಜೋತು ಬಿದ್ದಿತ್ತು. ಪಾಪ, ಬರೆಯುವ ಕೈ ಇಲ್ಲದ ಹುಡುಗ ಎಂದುಕೊಂಡ. ಎರಡನೆಯದರಲ್ಲಿ ಭುಜ ಇಳಿಜಾರಾಗಿತ್ತು, ಎದೆ ಸಡಿಲಾಗಿ ಇಳಿದಿತ್ತು. ಮೂರನೆಯದು ಕನ್ನಡಕದ ಹುಡುಗಿಯದು, ಹಿಂದಿನಿಂದ ಬರೆದದ್ದು. ಅಂಡು ಇರಬೇಕಾದಲ್ಲಿ ಎರಡು ಮಡಿಕೆ, ಅದರ ಕೆಳಗೆ ಕೋಳಿಯ ಕಾಲು.

ಅವನು ನೇರವಾಗಿ ಕಡ್ಡಿಯ ಮೇಜಿಗೆ ಹೋದ. "ಸಾರ್, ಈ ಸಲದ ಮಕ್ಕಳಿಗೆ ಒಬ್ಬರಿಗೂ ಕೈ ಇಲ್ಲ. ಕಣ್ಣೂ ಇಲ್ಲ."

"ಹೌದಾ ಕಂಬಣ್ಣೋರೇ? ಬನ್ನಿ, ನೋಡೋಣ." ಕಡ್ಡಿ ಅವನ ಬೆನ್ನಿಗೆ ಕೈಯಿಟ್ಟು ಹದಿನೇಳು ಚಿತ್ರಗಳನ್ನೂ ಒಂದೊಂದಾಗಿ ತೋರಿಸಿದ. ಒಂದನ್ನೂ ಬಿಡಲಿಲ್ಲ. ಕೊನೆಗೆ ಕೇಳಿದ, "ಒಬ್ಬೊಬ್ಬರು ಒಂದೊಂದು ಕಡೆ ತಪ್ಪಬೇಕಿತ್ತಲ್ವಾ? ಹದಿನೇಳು ಜನಾನೂ ಒಂದೇ ಕಡೆ ತಪ್ಪಿದ್ದಾರಲ್ಲ, ಯಾಕಿರಬಹುದು?"

ಕಂಬಣ್ಣ ಜೇಬು ತಡಕಿದ. ಜೇಬು ಗೂಟಕ್ಕೆ ತೂಗುಹಾಕಿದ್ದ ಪ್ಯಾಂಟಿನಲ್ಲಿತ್ತು. ಹೋಗಿ ಚೀಟಿ ತಂದ. "ಎಪ್ಪತ್ತೆರಡು, ಸಾರ್. ಆವತ್ತೂ ಎಪ್ಪತ್ತೆರಡು."

"ತೂಕದ ಯಂತ್ರಕ್ಕೆ ಏನ್ರೀ ಗೊತ್ತು, ಎಷ್ಟಿದೆ ಅಂತ ಹೇಳುತ್ತೆ, ಏನಿದೆ ಅಂತ ಹೇಳಲ್ಲ. ಮೂವತ್ತು ದಾಟಿದ ಮೇಲೆ ಗಂಡಸಿನ ಮಾಂಸಖಂಡ ಚೂರು ಚೂರೇ ಮನೆ ಖಾಲಿ ಮಾಡ್ಕೊಂಡು ಹೋಗುತ್ತೆ. ಖಾಲಿಯಾದ ಮನೆಗೆ ಕೊಬ್ಬು ಬಂದು ಸೇರುತ್ತೆ. ತೊಡೇಲಿದ್ದದ್ದು ಹೋಯ್ತು, ಹೊಟ್ಟೆಗೆ ಬಂತು. ಲೆಕ್ಕ ಸರಿಹೋಯ್ತು, ಮನುಷ್ಯ ಬದಲಾದ." ಕಡ್ಡಿ ಇದನ್ನು ಎಷ್ಟು ಮೃದುವಾಗಿ ಹೇಳಿದನೆಂದರೆ, ದೂರದಿಂದ ನೋಡಿದವರು ಸಮಾಧಾನ ಮಾಡುತ್ತಿದ್ದಾನೆಂದು ತಿಳಿಯಬೇಕು. ಆಮೇಲೆ ಅಷ್ಟೇ ಮೃದುವಾಗಿ ಮುಂದಿನ ಮಾತು ಹೇಳಿದ. ಮಾಂಸಖಂಡದ ತರಗತಿಗೆ ಈಜುಕೊಳದ ಕಾವಲುಗಾರನೊಬ್ಬ ಬರುತ್ತಾನೆ, ವಯಸ್ಸು ಇಪ್ಪತ್ತಾರು. ಕಂಬಣ್ಣ ಬೇಕಿದ್ದರೆ ಮಂಗಳವಾರ ಬರಬಹುದು. ಮಂಗಳವಾರದ ಪಾಠ ಮುಪ್ಪು.

ಮನೆಯಲ್ಲಿ ಹೆಂಡತಿ ಕಿಟಕಿಯ ಬೆಳಕಿಗೆ ಅವನ ಪ್ಯಾಂಟನ್ನೇ ಹಿಡಿದು ಹೊಲಿಯುತ್ತಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿ, ಅವಳು ಕಡ್ಡಿಯನ್ನು ಬಯ್ಯಲೆಂದು ಕಾದ. ಅವಳು ಹಲ್ಲಿನಲ್ಲಿ ದಾರ ಕಡಿದಳು.

"ಇಪ್ಪತ್ತು ವರ್ಷದಿಂದ ನಿಮ್ಮ ಪ್ಯಾಂಟಿಗೆ ಸೊಂಟ ಬಿಡ್ತಾ ಇದ್ದೀನಿ, ಹಿಂದ್ಗಡೆ ಹಿಡೀತಾ ಇದ್ದೀನಿ. ಮುಂದೆ ಸಾಲಲ್ಲ, ಹಿಂದೆ ತುಂಬಲ್ಲ. ನಂಗೆ ಗೊತ್ತಿಲ್ದೆ ಇರುತ್ತಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ಚೀಟಿ ತೋರಿಸ್ತಿದ್ರಲ್ಲ." ಅವಳು ಸೂಜಿಗೆ ಮತ್ತೆ ದಾರ ಪೋಣಿಸಿದಳು. "ಒಂದು ಮೂಟೆ ಕಬ್ಬಿಣ, ಒಂದು ಮೂಟೆ ಹತ್ತಿ, ಎರಡೂ ಎಪ್ಪತ್ತೆರಡು ಕಿಲೋ. ಬಾಗಿಲಿಗೆ ಅಡ್ಡ ಇಡೋಕೆ ಯಾವುದಾದ್ರೂ ಆಗುತ್ತೆ. ಹೋಗಿ ಮಂಗಳವಾರ. ಮನೇಲಿ ನಿಂತ್ರೆ ನಾನೇನು ಚಿತ್ರ ಬರೀತೀನಾ?"

ಬಿಡಬಹುದಿತ್ತು. ಊಟಕ್ಕೆ ತೊಂದರೆ ಇರಲಿಲ್ಲ. ಆದರೆ ಕಟ್ಟೆಯ ಮೇಲೆ ನಿಂತಾಗ ಮಾತ್ರ ಅವನು ಕಂಬಣ್ಣ, ಇಳಿದರೆ ಬೀದಿಯಲ್ಲಿ ಹೋಗುವ ಒಬ್ಬ ಮುದುಕ. ಮೂವತ್ತೆರಡು ವರ್ಷ ನಾಲ್ಕು ಜನರ ಕಣ್ಣು ಮೈಮೇಲೆ ಬಿದ್ದು ಅಭ್ಯಾಸವಾದವನಿಗೆ ಯಾರೂ ನೋಡದೆ ಬದುಕುವುದು ಹೇಗೆಂದು ಗೊತ್ತಿರಲಿಲ್ಲ. ಮಂಗಳವಾರ ಹೋದ.

ಕಟ್ಟೆಯ ಮೇಲೆ ಪ್ರತಿಮೆ ಅವನಿಗಿಂತ ಮೊದಲೇ ಬಂದು ನಿಂತಿತ್ತು, ಹೊಸ ಸುಣ್ಣದಲ್ಲಿ ಬೆಳ್ಳಗೆ. ಅದರ ಪಕ್ಕದಲ್ಲಿ ಒಂದು ಆಳು ನಿಲ್ಲುವಷ್ಟು ಜಾಗ ಬಿಟ್ಟು ಸೀಮೆಸುಣ್ಣದ ಗುರುತು ಹಾಕಿದ್ದರು. ಕಂಬಣ್ಣನಿಗೆ ಆಗ ಒಂದು ಹಳೆಯ ಮಧ್ಯಾಹ್ನ ನೆನಪಾಯಿತು, ಯಾರ ರಟ್ಟೆ, ಯಾರ ಅಂಗಿ ಎಂಬುದೂ ನೆನಪಾಯಿತು. ಕಡ್ಡಿಯ ಮುಖ ನೋಡಿದ. ಕಡ್ಡಿ ಗಡಿಯಾರ ನೋಡುತ್ತಿದ್ದ.

"ನಿಂತ್ಕೊಳ್ಳಿ ಕಂಬಣ್ಣೋರೇ. ಮಕ್ಕಳೇ, ಎಡಗಡೆ ಇರೋದು, ಬಲಗಡೆ ಇರೋದು, ಎರಡನ್ನೂ ಒಂದೇ ಹಾಳೇಲಿ ಬರೀರಿ. ಯಾವುದು ಎಲ್ಲಿಂದ ಹೋಯ್ತು, ಎಲ್ಲಿಗೆ ಬಂತು, ಅದೇ ಇವತ್ತಿನ ಪಾಠ."

ಹಿಂದಿನ ಸಾಲಿನವನೊಬ್ಬ ಕೇಳಿದ, "ಸರ್, ಈ ಪ್ರತಿಮೆ ಯಾರದು?"

"ಅವರನ್ನೇ ಕೇಳಿ," ಎಂದ ಕಡ್ಡಿ.

ಹದಿನೇಳು ಮುಖಗಳು ಕಂಬಣ್ಣನತ್ತ ತಿರುಗಿದವು. "ನಮ್ಮ ತಮ್ಮಂದು," ಎಂದ. ಅಷ್ಟು ಸಾಲದೆನ್ನಿಸಿ, "ಚಿಕ್ಕ ವಯಸ್ಸಲ್ಲೇ ಹೋಗ್ಬಿಟ್ಟ," ಎಂದೂ ಸೇರಿಸಿದ.

ಯಾರೋ ಛೆ ಎಂದರು. ಇದ್ದಿಲ ತುಂಡುಗಳು ಮೆತ್ತಗೆ ಕೆಲಸಕ್ಕೆ ಬಿದ್ದವು. ಕಂಬಣ್ಣನಿಗೆ ಕಣ್ಣು ತುಂಬಿತು, ಇಲ್ಲದ ತಮ್ಮನಿಗಾಗಿ. ಸುಳ್ಳಾದರೂ ಅದರಲ್ಲಿ ಒಂದು ಬಗೆಯ ಸುಖವಿತ್ತು. ಕಡ್ಡಿ ಕಿಟಕಿಗೆ ಒರಗಿ ನಿಂತ. ಈ ಹುಡುಗರಿಗೆ ಅವನು ಎರಡು ವಾರಗಳಿಂದ ಕಲಿಸಿದ್ದು ಒಂದೇ, ಎದುರಿಗಿರುವುದನ್ನು ಕಣ್ಣಿಟ್ಟು ನೋಡುವುದು. ಅವನಿಗೆ ಅವಸರವಿರಲಿಲ್ಲ.

ಕನ್ನಡಕದ ಹುಡುಗಿ ಪಾದದಿಂದ ಶುರು ಮಾಡುವವಳು. ಇಪ್ಪತ್ತು ನಿಮಿಷಕ್ಕೆ ಅವಳ ಕೈ ನಿಂತಿತು. ಎಡಗಡೆ ನೋಡಿದಳು, ಬಲಗಡೆ ನೋಡಿದಳು, ಮತ್ತೆ ಎಡಗಡೆ ನೋಡಿದಳು. ಕುಹಕವೇನೂ ಇಲ್ಲದ, ಅನುಮಾನ ಬಂದದ್ದನ್ನು ಕೇಳುವ ಹುಡುಗಿ. "ಸರ್, ಇಬ್ಬರ ಎಡಗಾಲಲ್ಲೂ ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿದೆ."

ಕಡ್ಡಿ ಕಟ್ಟೆಯ ಹತ್ತಿರ ಬಂದು, ಬಗ್ಗಿ, ಎರಡೂ ಪಾದಗಳನ್ನು ಸಾವಕಾಶವಾಗಿ ನೋಡಿದ. "ಹೌದಲ್ಲ. ಅಣ್ಣ ತಮ್ಮಂದಿರ ಕಾಲು ಒಂದೇ ಬಾಗಿಲಿಗೆ ಸಿಕ್ಕಿತ್ತೇನೋ. ಅಲ್ವಾ ಕಂಬಣ್ಣೋರೇ?"

ಮೊದಲು ಒಬ್ಬ ನಕ್ಕ. ಆಮೇಲೆ ಅರ್ಥವಾದವರು ಅರ್ಥವಾಗದವರ ಕಿವಿಗೆ ಹೇಳಿದರು, ಅವರೂ ನಕ್ಕರು. ಕಂಬಣ್ಣ ಟವೆಲಿಗೆ ಕೈ ಚಾಚಲು ಹೋದ.

"ಅಲ್ಲಾಡಬೇಡಿ," ಎಂದ ಕಡ್ಡಿ. "ಬರ್ಕೊಳ್ಳಲಿ. ಇನ್ನೂ ಹದಿನೆಂಟು ನಿಮಿಷ ಇದೆ."

ಕಂಬಣ್ಣ ಅಲ್ಲಾಡಲಿಲ್ಲ. ಬೇರೆ ವಿದ್ಯೆ ಅವನಿಗೆ ಬರುತ್ತಿರಲಿಲ್ಲ. ಮಾಡಲು ಉಳಿದದ್ದು ಒಂದೇ, ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡ. ಪಕ್ಕದ ಪ್ಲಾಸ್ಟರಿನ ಹೊಟ್ಟೆಯ ಸಮಕ್ಕೆ ಬರಲಿಲ್ಲ, ಆದರೂ ಎಳೆದುಕೊಂಡ, ಕುತ್ತಿಗೆಯ ನರ ಉಬ್ಬಿತು, ಕಾಲು ಅದುರಿತು. ಕನ್ನಡಕದ ಹುಡುಗಿ ರಬ್ಬರು ಕೈಗೆತ್ತಿಕೊಂಡು ತಲೆಯೆತ್ತಿದಳು.

"ತಾತ, ಹೊಟ್ಟೆ ಒಳಗೆ ಎಳ್ಕೋಬೇಡಿ. ಗೆರೆ ತಪ್ಪುತ್ತೆ."

ಅವನು ಬಿಟ್ಟ.