ಬಿಚ್ಚುವ ಪಾಠ

ನಮ್ಮ ಶಾಲೆಯಲ್ಲಿ ಹೊಲಿಗೆ ಕ್ಲಾಸು ತೆಗೆದು ತಂತ್ರಜ್ಞಾನ ಎಂಬ ಹೊಸ ವಿಷಯ ತಂದರು. ಹೊಲಿಗೆ ಟೀಚರ್ ಆದ ನನ್ನನ್ನು ಏನು ಮಾಡುವುದು? ಹೆಡ್ ಮಾಸ್ತರರು ಹೊಸ ವಿಷಯವನ್ನೇ ನನ್ನ ತಲೆಗೆ ಕಟ್ಟಿದರು. ಇನ್‌ಸ್ಪೆಕ್ಟರ್ ಬಂದು ನೋಡಿ ಸರಿ ಎಂದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮನೆಗೆ. ಫ್ಯೂಸ್ ಹೋದರೆ ಗಂಡನನ್ನು ಕೂಗುವವಳು ನಾನು.

ನನಗೆ ಗೊತ್ತಿದ್ದದ್ದು ಒಂದೇ ಪದ್ಧತಿ. ಹೊಲಿಗೆ ಕ್ಲಾಸಿನಲ್ಲಿ ಬೆಲ್ ಹೊಡೆದ ಕೂಡಲೇ ಮಕ್ಕಳು ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಬೇಕು. ಅದೇ ಬಟ್ಟೆ ಮುಂದಿನ ಕ್ಲಾಸಿಗೂ ಆಗಬೇಕಲ್ಲ. ಈಗ ಬಟ್ಟೆಯ ಜಾಗಕ್ಕೆ ವೈರು, ಸೆಲ್ಲು, ಸ್ವಿಚ್ಚು, ಚಿಕ್ಕ ಬಲ್ಬು ಬಂದವು. ಪುಸ್ತಕದ ಚಿತ್ರ ನೋಡಿಕೊಂಡು ಮಕ್ಕಳು ದೀಪ ಜೋಡಿಸುತ್ತಿದ್ದರು. ಹತ್ತದಿದ್ದರೆ ನಾನು, "ಬಿಚ್ಚಿ, ಮತ್ತೆ ಹಾಕು," ಎನ್ನುತ್ತಿದ್ದೆ. ಬೇರೇನು ಹೇಳಲಿ, ನನ್ನ ತಲೆ!

ಇನ್‌ಸ್ಪೆಕ್ಟರ್ ಬರುವ ದಿನ ಎಲ್ಲರ ದೀಪವೂ ಹತ್ತಿತು. ಮೇಜಿನ ಮೇಲೆ ಸಾಲಾಗಿ ಇಡಿಸಿದೆ. ಅವರ ಬಸ್ಸು ತಡವಾಯಿತು. ಕರೆತರಲು ನಾನೂ ಹೆಡ್ ಮಾಸ್ತರರೂ ಗೇಟಿಗೆ ಹೋದೆವು; ಅಷ್ಟರಲ್ಲಿ ಬೆಲ್ ಹೊಡೆಯಿತು. ವಾಪಸು ಬಂದರೆ ಮೇಜು ಖಾಲಿ! ವೈರನ್ನೆಲ್ಲ ನೂಲಿನ ಹಾಗೆ ಸುತ್ತಿ ಡಬ್ಬಕ್ಕೆ ತುಂಬಿ, ಮಕ್ಕಳು ಕೈಕಟ್ಟಿ ಕೂತಿದ್ದಾರೆ. ನನ್ನ ಮಾತನ್ನು ಎಂದೂ ಕೇಳದ ಕತ್ತೆಗಳು ಅವತ್ತೇ ಕೇಳಬೇಕೇ!

"ಮಕ್ಕಳು ಮಾಡಿದ್ದೆಲ್ಲಿ?" ಎಂದರು ಇನ್‌ಸ್ಪೆಕ್ಟರ್.

"ಬಿಚ್ಚಿಬಿಟ್ವಿ ಸರ್," ಎಂದಳು ಮುಂದಿನ ಬೆಂಚಿನ ಪಟಾಕಿ. ಅವಳ ಬಾಯಿ ನೋಡಿ ಶಾಲೆಯವರೆಲ್ಲ ಇಟ್ಟ ಹೆಸರು ಅದು.

ಹೆಡ್ ಮಾಸ್ತರರು ನನ್ನನ್ನು ನುಂಗುವ ಹಾಗೆ ನೋಡಿದರು.

"ಹಾಗಿದ್ರೆ ಈಗ ಮಾಡಿ, ನೋಡೋಣ," ಎಂದು ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡರು.

ಮಕ್ಕಳು ಡಬ್ಬ ತೆರೆದರು. ಒಂದೊಂದಾಗಿ ದೀಪಗಳು ಹತ್ತಿಕೊಂಡವು, ಪಟಾಕಿಯದೊಂದು ಬಿಟ್ಟು. ಅವಳು ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ಇನ್‌ಸ್ಪೆಕ್ಟರ್ ಏಳಲು ಹೊರಟರು. ಅಷ್ಟರಲ್ಲಿ ಅವಳು ಪಕ್ಕದವಳ ಬಲ್ಬನ್ನು ಬಿಚ್ಚಿ ತನ್ನದಕ್ಕೆ ಹಾಕಿದಳು. ಹತ್ತಿತು.

"ಜೋಡಿಸಿದ್ದು ಸರಿಯಾಗೇ ಇದೆ ಸರ್. ಬಲ್ಬೇ ಹೋಗಿದೆ."

"ಹೀಗೆ ನೋಡೋದನ್ನ ಟೀಚರ್ ಹೇಳ್ಕೊಟ್ರಾ?"

"ಅಯ್ಯೋ, ಅವರಿಗೆ ಇದೆಲ್ಲ ಎಲ್ಲಿ ಬರುತ್ತೆ ಸರ್!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು. "ಹೌದಾ ಮೇಡಂ?"

ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. ಆ ಹುಡುಗಿಯ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ.

"ಹೌದು ಸರ್. ನನಗೂ ಈಗಲೇ ಗೊತ್ತಾಗಿದ್ದು."

ಅವರು ಹೆಡ್ ಮಾಸ್ತರರಿಗೆ ಹೇಳಿದರು: "ಬೇರೆ ಶಾಲೆಗಳಲ್ಲಿ ಇದನ್ನೆಲ್ಲ ಬೀರುವಿನಲ್ಲಿಟ್ಟು ತೋರಿಸ್ತಾರೆ, ಮಕ್ಕಳಿಗೆ ಮುಟ್ಟೋಕೂ ಬಿಡಲ್ಲ. ಇವರನ್ನ ಬದಲಾಯಿಸ್ಬೇಡಿ."

ಹೋದ ಜೀವ ಬಂದಂತಾಯಿತು. ಅವರು ಹೊರಟ ಮೇಲೆ ಪಟಾಕಿಗೆ ಚೆನ್ನಾಗಿ ಬೈಯೋಣವೆಂದೇ ಬೆಂಚಿನ ಹತ್ತಿರ ಹೋದೆ. ಅವಳು ತಲೆಯನ್ನೂ ಎತ್ತದೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಕೂತ್ಕೊಳ್ಳಿ ಟೀಚರ್, ತೋರಿಸ್ತೀನಿ."

ಕೂತೆ.